ತಪ್ಪು ಕಾಣಿಕೆ ಹಾಕಿ ಮರೆತಿದ್ದೆ. ಈಗ ನಂಬಿಕೆ ಹೋಗಿದೆ, ತಪ್ಪು ಮಾತ್ರ ಉಳಿದಿದೆ

ಮಂಡಿ ಗುಮಾಸ್ತ, ದಾವಣಗೆರೆ

ಸ್ವಲ್ಪ ಉದ್ದ ಆಗುತ್ತದೆ. ಪುರುಸೊತ್ತು ಇದ್ದಾಗ ಓದಿ.

ನಾನು ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಹತ್ತೊಂಬತ್ತು ವರ್ಷ ಆಯಿತು. ದೇವರನ್ನು ನಂಬುವುದು ಬಿಟ್ಟು ಐದಾರು ವರ್ಷ ಆಗಿರಬಹುದು. ಯಾರ ಮೇಲಿನ ಸಿಟ್ಟಿಗೂ ಬಿಟ್ಟದ್ದಲ್ಲ. ಸೋಮವಾರ ಸೋಮವಾರ ಕೈ ಮುಗಿಯುವಾಗ ಎದುರಿಗೆ ಯಾರೂ ಇಲ್ಲ ಅನಿಸತೊಡಗಿತು. ಆಮೇಲೆ ಅದು ಹೋಗಲೇ ಇಲ್ಲ. ಮನೆಯಲ್ಲಿ ಹೆಂಡತಿ ದೀಪ ಹಚ್ಚುತ್ತಾಳೆ. ಎಣ್ಣೆ, ಬತ್ತಿ ನಾನೇ ತಂದುಕೊಡುತ್ತೇನೆ. ಅದಕ್ಕೆಲ್ಲ ನಮ್ಮಲ್ಲಿ ಜಗಳ ಇಲ್ಲ.

ವಿಷಯ ಬೇರೆ. 2016ರ ನವೆಂಬರ್, ಮೆಕ್ಕೆಜೋಳದ ಸುಗ್ಗಿ. 8ನೇ ತಾರೀಖು ರಾತ್ರಿ 500, 1,000 ರೂಪಾಯಿ ನೋಟು ರದ್ದಾಯಿತು. ಆ ವಾರ ಮಂಡಿಯಲ್ಲಿ ಇದ್ದವರಿಗೇ ಗೊತ್ತು ಪರಿಸ್ಥಿತಿ. ಮಾಲು ಬಂದು ಬೀಳುತ್ತಿತ್ತು, ಕೊಡಲು ದುಡ್ಡಿಲ್ಲ. ರೈತರು ನಮ್ಮ ಕಟ್ಟೆಯ ಮೇಲೆ ಮಲಗಿ, ಬೆಳಗಾದರೆ ಬ್ಯಾಂಕಿನ ಮುಂದೆ ನಿಲ್ಲುತ್ತಿದ್ದರು. ನಾನು ರಾತ್ರಿ ಹನ್ನೊಂದರವರೆಗೆ ಪಟ್ಟಿ, ಅಂದರೆ ರೈತರಿಗೆ ಕೊಡುವ ಮಾಲಿನ ಲೆಕ್ಕ, ಬರೆಯುತ್ತಿದ್ದೆ.

ಜಗಳೂರು ಕಡೆಯ ಒಬ್ಬ ರೈತರದು 46 ಚೀಲ. ತೂಕದವರು ಒಂದು ಸಲಕ್ಕೆ ಐದು ಚೀಲ ಇಟ್ಟು ತೂಗಿದ್ದರು. ಐದು ಚೀಲಕ್ಕೆ ಒಂದು ಸಾಲು. ಒಂಬತ್ತು ಸಾಲು, ಕೊನೆಗೆ ಒಂಟಿ ಚೀಲದ್ದು ಇನ್ನೊಂದು. ಆ ಚೀಟಿಯನ್ನು ಯಾರೋ ಎರಡು ಮಡಿಕೆ ಮಾಡಿ ಜೇಬಿನಲ್ಲಿ ಇಟ್ಟುಕೊಂಡಿದ್ದರು. ಮಡಿಕೆ ಸರಿಯಾಗಿ ಒಂದು ಸಾಲಿನ ಮೇಲೆ ಬಿದ್ದಿತ್ತು. ಪೆನ್ಸಿಲ್ ಬರಹ, ಬೆವರಿಗೆ ಮಾಸಿತ್ತು. ಆ ಸಾಲು ಬಿಟ್ಟು ಕೂಡಿದೆ. 3 ಕ್ವಿಂಟಾಲ್ 2 ಕೆಜಿ ಲೆಕ್ಕದಿಂದ ಹೊರಗೆ ಹೋಯಿತು. ಆ ವರ್ಷದ ಬೆಂಬಲ ಬೆಲೆ ಕ್ವಿಂಟಾಲಿಗೆ 1,365 ರೂಪಾಯಿ. ಆ ಲೆಕ್ಕ ಹಿಡಿದರೂ ನಾಲ್ಕು ಸಾವಿರದ ನೂರು ದಾಟುತ್ತದೆ.

ತಿಂಗಳ ಕೊನೆಗೆ ತಾಳೆ ನೋಡಿದಾಗ ಐದು ಚೀಲ ಜಾಸ್ತಿ ಬಂತು. ಎಲ್ಲಿ ತಪ್ಪಿದೆ ಅಂತ ಹುಡುಕಿದೆ, ಸಿಕ್ಕಿತು. ಮಾಲೀಕರಿಗೆ ಹೇಳಿದೆ. "ಸುಮ್ನಿರು, ಕೇಳಿಕೊಂಡು ಬಂದರೆ ನೋಡೋಣ" ಅಂದರು. ಕೇಳಿಕೊಂಡು ಯಾರೂ ಬರಲಿಲ್ಲ. ನನಗೆ ಎರಡು ದಿನ ಊಟ ಸೇರಲಿಲ್ಲ. ಸೋಮವಾರ ಮನೆದೇವರ ಗುಡಿಗೆ ಹೋಗಿ 501 ರೂಪಾಯಿ ತಪ್ಪು ಕಾಣಿಕೆ ಹಾಕಿದೆ. ನಿಜ ಹೇಳುತ್ತೇನೆ, ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಹೋದ ತಿಂಗಳು ಅಂಗಡಿಯ ಅಟ್ಟ ಖಾಲಿ ಮಾಡುವಾಗ ಆ ವರ್ಷದ ಗಂಟು ಸಿಕ್ಕಿತು. ಚೀಟಿ ಹಾಗೇ ಇದೆ, ಅದೇ ಮಡಿಕೆ. ಅವತ್ತಿಂದ ನಿದ್ದೆ ಇಲ್ಲ. ದೇವರಿದ್ದಾಗ ಸಮಾಧಾನ ಆಗಿತ್ತಲ್ಲ, ಈಗ ಯಾಕೆ ಆಗುತ್ತಿಲ್ಲ? ಇದು ನನ್ನ ಮನಸ್ಸಾಕ್ಷಿಯೋ, ಇಲ್ಲ ಚಿಕ್ಕಂದಿನ ಭಯ ಇನ್ನೂ ಹೋಗಿಲ್ಲವೋ? ನಂಬಿಕೆ ಬಿಟ್ಟವರು ಇಲ್ಲಿ ಕೆಲವರು ಇದ್ದೀರಿ. ಹಳೆಯ ತಪ್ಪುಗಳನ್ನು ನೀವು ಏನು ಮಾಡಿದಿರಿ?


ಹೊಸಬ, ವಿದ್ಯಾನಗರ

ಅಣ್ಣಾ, ಇದು ಭಯವೇ. ದೇವರನ್ನು ಬಿಟ್ಟಿರಿ, ಪಾಪ ಅನ್ನೋದನ್ನ ಬಿಟ್ಟಿಲ್ಲ. ನನಗೂ ಪಿಯುಸಿವರೆಗೆ ಹೀಗೇ ಇತ್ತು. ಕಾಲು ತಾಗಿದ ಪುಸ್ತಕಕ್ಕೆ ನಮಸ್ಕಾರ ಮಾಡದಿದ್ದರೆ ಪರೀಕ್ಷೆ ಹೋಗುತ್ತದೆ ಅಂತ ಹೆದರುತ್ತಿದ್ದೆ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷೆ ಮಾಡಲು ಸಮಿತಿ ಮಾಡಿದರು. ಯಾವುದನ್ನೂ ಪ್ರಶ್ನೆ ಮಾಡದೆ ಒಪ್ಪಬೇಡಿ ಅನ್ನೋದು ಅವರ ದಾರಿ. ನಿಮ್ಮ ಈ ಹೆದರಿಕೆಯನ್ನೂ ಪ್ರಶ್ನೆ ಮಾಡಿ. ಬೇಕಂತ ಮಾಡಿದ್ದಲ್ಲ, ಲಾಭ ಆದದ್ದು ಮಾಲೀಕರಿಗೆ. ಬಿಟ್ಟುಬಿಡಿ.


ಮಂಡಕ್ಕಿ ಭಟ್ಟಿಯಿಂದ

ತಮ್ಮಾ, ಬಿಟ್ಟುಬಿಡಿ ಅಂತ ಅಷ್ಟು ಸುಲಭಕ್ಕೆ ಹೇಳಬೇಡ. ಜಗಳೂರಿನ ಆ ಮನೆಯವರಿಗೆ ಆ ವರ್ಷ ನಾಲ್ಕು ಸಾವಿರ ಏನಾಗಿತ್ತು ಅಂತ ನಮಗೆ ಗೊತ್ತಿಲ್ಲ.

ನಾನು ನಂಬಿಕೆ ಬಿಟ್ಟವನಲ್ಲ. ಆದರೂ ಒಂದು ಮಾತು ಹೇಳುತ್ತೇನೆ. ನಮ್ಮಲ್ಲಿ ಎರಡು ಥರದ ಹಕ್ಕು ಇವೆ. ಅಲ್ಲಾಹನ ಹಕ್ಕು ಒಂದು, ಜನರ ಹಕ್ಕು ಇನ್ನೊಂದು. ಈ ಎರಡನೆಯದಕ್ಕೆ ಹುಕೂಕುಲ್ ಇಬಾದ್ ಅನ್ನುತ್ತಾರೆ. ನಮಾಜು ತಪ್ಪಿದರೆ ಅಲ್ಲಾಹನ ಹತ್ತಿರ ಕೇಳಿಕೊಳ್ಳಬಹುದು. ಮನುಷ್ಯನ ಹಕ್ಕು ತಿಂದಿದ್ದರೆ ಆ ಮನುಷ್ಯನೇ ಮಾಫ್ ಮಾಡಬೇಕು. ಮೇಲಿನವನ ಹತ್ತಿರ ಅತ್ತರೆ ಮುಗಿಯುವುದಿಲ್ಲ.

ನಮ್ಮ ಅಬ್ಬಾ ಹಜ್‌ಗೆ ಹೊರಡುವ ಮುಂಚೆ ಒಂದು ತಿಂಗಳು ಸೈಕಲ್ ಮೇಲೆ ಊರೆಲ್ಲ ತಿರುಗಿದರು. ಭತ್ತ ಕೊಟ್ಟವರು, ಮರಳು ತಂದು ಹಾಕಿದವರು, ಹಳೆ ಕೂಲಿಗಳು, ಎಲ್ಲರ ಮನೆಗೂ ಹೋಗಿ "ನನ್ನಿಂದ ಬಾಕಿ ಏನಾದರೂ ಇದೆಯಾ, ಏನಾದರೂ ಅಂದಿದ್ದೀನಾ" ಅಂತ ಕೇಳಿದರು. ಒಬ್ಬ ಮುದುಕಿ "ಹೌದು, ಹನ್ನೆರಡು ರೂಪಾಯಿ ಕೊಡಬೇಕು" ಅಂದಳು. ಯಾವ ಕಾಲದ್ದೋ. ಅಬ್ಬಾ ವಾದ ಮಾಡಲಿಲ್ಲ, ಕೊಟ್ಟರು. ನಾನು ಆಗ ಹುಡುಗ, ಸೈಕಲ್ ಹಿಂದೆ ಕೂತಿದ್ದೆ.

ಗುಮಾಸ್ತರೇ, ನೀವು ದೇವರನ್ನು ನಂಬಿ, ಬಿಡಿ. ಆ ರೈತರು ಇದ್ದಾರಲ್ಲ. ಹೋಗಿ.


ಹರಿಹರದ ಅಕ್ಕ

ನಾನೂ ನಂಬುವವಳೇ. ದಿನಾ ಲಿಂಗಪೂಜೆ ಮಾಡುತ್ತೇನೆ. ಒಂದು ಮಾತು ಸರಿ ಮಾಡಬೇಕು ಅನಿಸಿತು, ಬೇಜಾರು ಮಾಡಿಕೊಳ್ಳಬೇಡಿ. ತಪ್ಪು ಕಾಣಿಕೆ ಅಂದರೆ ನೀವು ಮಾಡಿದ್ದಲ್ಲ. ನಾನು ಸಣ್ಣವಳಿದ್ದಾಗ ಪಕ್ಕದ ಹಿತ್ತಲಿನಿಂದ ಹೀರೇಕಾಯಿ ಕಿತ್ತುಕೊಂಡು ಬಂದಿದ್ದೆ. ಅವ್ವ ಮೊದಲು ಅವರ ಮನೆಗೆ ಕರೆದುಕೊಂಡು ಹೋಗಿ ವಾಪಸ್ ಕೊಡಿಸಿದಳು. ಆಮೇಲೆ ಗುಡಿಗೆ. ನೀವು ಎರಡನೆಯದನ್ನು ಮಾತ್ರ ಮಾಡಿದ್ದೀರಿ. ಅದಕ್ಕೆ ದೇವರ ಮೇಲೆ ದೂರು ಹಾಕಬೇಡಿ.

"ಕಳಬೇಡ, ಕೊಲಬೇಡ, ಹುಸಿಯ ನುಡಿಯಲು ಬೇಡ" ಅಂತ ಬಸವಣ್ಣನವರು ಹೇಳಿದ್ದು ನಮಗೆಲ್ಲ ಬಾಯಿಪಾಠ. ಕೊನೆಗೆ, ಕೂಡಲಸಂಗಮದೇವರನ್ನು ಒಲಿಸುವ ಪರಿ ಇದೇ ಅನ್ನುತ್ತಾರೆ. ಒಲಿಸಲು ಬೇರೆ ದಾರಿ ಅವರು ಹೇಳಲಿಲ್ಲ, ನೋಡಿ. ನನಗೆ ಆ ಕೊನೆಯ ಮಾತು ಮುಖ್ಯ. ಅದು ಇಲ್ಲದೆ ಉಳಿದದ್ದು ನಿಲ್ಲುತ್ತದಾ ಅಂತ ನನಗೆ ಅನುಮಾನ. ನಿಮಗೆ ನಿಲ್ಲುತ್ತಿದ್ದರೆ ಸಂತೋಷ.


ಮಂಡಿ ಗುಮಾಸ್ತ, ದಾವಣಗೆರೆ

ಅಕ್ಕಾ, ನಿಮ್ಮ ಮಾತು ಓದಿ ಸುಮಾರು ಹೊತ್ತು ಸುಮ್ಮನೆ ಕೂತೆ. ಸರಿಯಾಗಿ ಹೇಳಿದಿರಿ. ದೂರು ದೇವರ ಮೇಲಲ್ಲ, ನನ್ನ ಮೇಲೆಯೇ.

ಆಗ ನನ್ನ ತಲೆಯಲ್ಲಿ ಮೂರು ಜನ ಇದ್ದರು. ನಾನು, ದೇವರು, ಆ ರೈತ. ಮೂವರಲ್ಲಿ ಗುಡಿಗೆ ಹೋಗುವುದು ಸುಲಭ ಇತ್ತು. ಅಲ್ಲಿ ಯಾರೂ ಮುಖ ನೋಡಿ "ಯಾಕೆ ಹಿಂಗ್ ಮಾಡಿದ್ರಿ" ಅಂತ ಕೇಳುವುದಿಲ್ಲ. ಸಾಲ ಕೊಡಬೇಕಾದವರನ್ನು ಬಿಟ್ಟು ಬೇರೆಯವರಿಗೆ ಕೊಟ್ಟು ಬಂದೆ. ಈಗ ಇಬ್ಬರೇ ಉಳಿದಿದ್ದೇವೆ. ಅದಕ್ಕೇ ಇರಬೇಕು, ನಿದ್ದೆ ಬರುತ್ತಿಲ್ಲ.

ಆ ವಚನ ನನಗೂ ಬಾಯಿಪಾಠ. ಕೊನೆಯ ಸಾಲು ಹೇಳಲು ಈಗ ಬಾಯಿ ಬರುವುದಿಲ್ಲ. ಆದರೆ ಮೇಲಿನ ಸಾಲುಗಳಲ್ಲಿ ಒಂದೂ ಕಮ್ಮಿ ಆಗಿಲ್ಲ. ಕಳಬೇಡ ಅನ್ನುವುದು ಮೊದಲಿಗಿಂತ ಈಗ ಜಾಸ್ತಿ ಚುಚ್ಚುತ್ತಿದೆ.


ಕೋಟೆ ಮೇಷ್ಟ್ರು, ಚಿತ್ರದುರ್ಗ

ನಾನು ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಹನ್ನೊಂದು ವರ್ಷ ಮೇಷ್ಟ್ರಾಗಿದ್ದೆ. ಪ್ರತಿ ವರ್ಷ ಮಕ್ಕಳನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋಗುತ್ತಿದ್ದೆ. ಅಲ್ಲಿ, ಪಕ್ಕದ ಸಿದ್ದಾಪುರದಲ್ಲಿ ಮತ್ತು ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ್ದು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ.

ಅಲ್ಲಿ ಹೇಳಿರುವುದು ಬಹಳ ಸರಳ. ತಂದೆ ತಾಯಿಯ ಮಾತು ಕೇಳಬೇಕು. ಜೀವಿಗಳ ಮೇಲೆ ದಯೆ ಬಿಡಬಾರದು. ಸತ್ಯ ಹೇಳಬೇಕು. ಶಿಷ್ಯ ಗುರುವನ್ನು ಗೌರವಿಸಬೇಕು, ನೆಂಟರ ಜೊತೆ ಸರಿಯಾಗಿ ನಡೆದುಕೊಳ್ಳಬೇಕು. ಈ ಪಟ್ಟಿಯಲ್ಲಿ ಯಾವ ಪೂಜೆಯೂ ಇಲ್ಲ, ಹರಕೆಯೂ ಇಲ್ಲ. ಹಾಗಂತ ಅಶೋಕನನ್ನು ನಾಸ್ತಿಕ ಅಂತ ಮಾಡಬೇಡಿ. ಅದೇ ಶಾಸನದಲ್ಲಿ ದೇವರುಗಳ ಮಾತು ಬರುತ್ತದೆ, ಸ್ವರ್ಗದ ಮಾತೂ ಬರುತ್ತದೆ. ಅದು ದೊಡ್ಡವರಿಗೆ ಮಾತ್ರ ಅಲ್ಲ, ಚಿಕ್ಕವನೂ ಪ್ರಯತ್ನಪಟ್ಟರೆ ಸಿಗುತ್ತದೆ ಅಂತ ಬರೆಸಿದ್ದಾನೆ. ಆ ಜಾಗಕ್ಕೆ ಬಂದಾಗ ನನಗೆ ಪ್ರತಿ ಸಲ ಗಂಟಲು ಕಟ್ಟುತ್ತಿತ್ತು. ರಾಜ ಒಬ್ಬ ಇಷ್ಟು ದೂರದ ಬಂಡೆಯ ಮೇಲೆ ಚಿಕ್ಕವನ ಬಗ್ಗೆ ಬರೆಸಿದನಲ್ಲ ಅಂತ.

ಕೊನೆಯಲ್ಲಿ, ಇದನ್ನು ಬರೆದ ಲಿಪಿಕಾರ ಚಪಡ ತನ್ನ ಹೆಸರು ಹಾಕಿದ್ದಾನೆ. ‘ಲಿಪಿಕಾರ’ ಅನ್ನುವ ಮಾತನ್ನು ಮಾತ್ರ ಖರೋಷ್ಠಿ ಅನ್ನುವ ಬೇರೆ ಲಿಪಿಯಲ್ಲಿ, ಬಲದಿಂದ ಎಡಕ್ಕೆ. ಬರೆದದ್ದಕ್ಕೆ ನಾನು ಜವಾಬ್ದಾರ ಅಂತ ಹೇಳಿದ ಹಾಗೆ ನನಗೆ ಕಾಣುತ್ತದೆ. ಗುಮಾಸ್ತರೇ, ನೀವೂ ಲಿಪಿಕಾರರೇ. ಆ ರೈತರ ಪಟ್ಟಿಯ ಕೆಳಗೆ ನಿಮ್ಮ ಸಹಿ ಇದೆ.


ಕೋರ್ಟ್ ಟೈಪಿಸ್ಟ್, ಚಿತ್ರದುರ್ಗ

ಮೇಷ್ಟ್ರೇ, ಸತ್ಯ ಹೇಳಬೇಕು ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ದಿನಾ ಸಾಕ್ಷಿಗಳು ಪ್ರಮಾಣ ಮಾಡುವುದನ್ನು ಕೇಳುವವನು ನಾನು. ತುಂಬಾ ಜನಕ್ಕೆ ಗೊತ್ತಿಲ್ಲ, ದೇವರ ಹೆಸರಿನಲ್ಲಿಯೇ ಪ್ರಮಾಣ ಮಾಡಬೇಕು ಅಂತ ಇಲ್ಲ. 1969ರ ಪ್ರಮಾಣಗಳ ಕಾಯ್ದೆಯಲ್ಲಿ ಎರಡೂ ಇದೆ. ದೇವರ ಹೆಸರಿನಲ್ಲಿ ಹೇಳಬಹುದು, ಇಲ್ಲ ದೃಢವಾಗಿ ಹೇಳುತ್ತೇನೆ ಅಂತಷ್ಟೇ ಹೇಳಬಹುದು. ಎರಡಕ್ಕೂ ಬೆಲೆ ಒಂದೇ. ಸುಳ್ಳು ಹೇಳಿದರೆ ಇಬ್ಬರಿಗೂ ಶಿಕ್ಷೆ ಒಂದೇ.

ಅದೇ ಕಾಯ್ದೆಯಲ್ಲಿ ಹನ್ನೆರಡು ವರ್ಷದ ಒಳಗಿನ ಮಕ್ಕಳ ಬಗ್ಗೆ ಒಂದು ಮಾತಿದೆ. ಪ್ರಮಾಣ ಅಂದರೆ ಏನು ಅಂತ ಮಗುವಿಗೆ ಗೊತ್ತಿಲ್ಲ, ಆದರೆ ಸತ್ಯ ಹೇಳಬೇಕು ಅನ್ನೋದು ಗೊತ್ತಿದೆ ಅಂತ ಕೋರ್ಟಿಗೆ ಅನಿಸಿದರೆ ಸಾಕು. ಪ್ರಮಾಣ ಇಲ್ಲದೆಯೇ ಅದರ ಸಾಕ್ಷಿ ತೆಗೆದುಕೊಳ್ಳಬಹುದು. ಒಂದು ಸಲ ನಾನೇ ಟೈಪ್ ಮಾಡಿದ್ದೆ. ಏಳೆಂಟು ವರ್ಷದ ಹುಡುಗಿ. "ಸುಳ್ಳು ಹೇಳಿದರೆ ಏನಾಗುತ್ತದಮ್ಮ?" ಅಂತ ಸಾಹೇಬರು ಕೇಳಿದರು. ದೇವರು ಕಣ್ಣು ಕೀಳುತ್ತಾನೆ ಅನ್ನುತ್ತಾಳೆ ಅಂದುಕೊಂಡೆ. "ಬ್ಯಾರೇರಿಗೆ ಬೈಸ್ಕೊಳಂಗ್ ಆಕೈತಿ" ಅಂದಳು. ತಾನು ಸುಳ್ಳು ಹೇಳಿದರೆ ತಪ್ಪು ಮಾಡದ ಇನ್ನೊಬ್ಬರು ಬೈಸಿಕೊಳ್ಳಬೇಕಾಗುತ್ತದೆ ಅಂತ. ಟೈಪ್ ಮಾಡುವ ಕೈ ನಿಂತಿತು.

ಸಂವಿಧಾನದ 25ನೇ ವಿಧಿಯಲ್ಲೂ ಮೊದಲು ಬರುವುದು ಅಂತಃಸಾಕ್ಷಿಯ ಸ್ವಾತಂತ್ರ್ಯ. ಧರ್ಮ ಪಾಲಿಸುವ ಹಕ್ಕು ಅದರ ನಂತರದ್ದು.


ರಾತ್ರಿ ಪಾಳಿ ನರ್ಸ್, ದಾವಣಗೆರೆ

ಹೊಸಬ ತಮ್ಮನಿಗೆ ಒಂದು ಮಾತು. ಭಯ ಬೇರೆ, ಇದು ಬೇರೆ. ನನಗೆ ಎರಡೂ ಗೊತ್ತು.

ನಂಬಿಕೆ ಹೋದ ಹೊಸದರಲ್ಲಿ ನನಗೂ ಒಂದು ಹೆದರಿಕೆ ಇತ್ತು. ನೋಡುವವನು ಯಾರೂ ಇಲ್ಲ ಅಂದ ಮೇಲೆ ನಾನು ಕೆಟ್ಟು ಹೋಗುತ್ತೇನಾ ಅಂತ. ಒಂದು ರಾತ್ರಿ ಮೂರು ಗಂಟೆ, ವಾರ್ಡಿನಲ್ಲಿ ನಾನೊಬ್ಬಳೇ. ಆರನೇ ಬೆಡ್ಡಿಗೆ ಹನ್ನೆರಡಕ್ಕೆ ಕೊಡಬೇಕಾದ ಇಂಜೆಕ್ಷನ್ ಮರೆತಿದ್ದೆ. ರೋಗಿಗೆ ನಿದ್ದೆ, ಜೊತೆಗಿದ್ದವರಿಗೂ ನಿದ್ದೆ. ಚಾರ್ಟಿನಲ್ಲಿ ಹನ್ನೆರಡು ಅಂತ ಬರೆದರೆ ಯಾರಿಗೂ ಗೊತ್ತಾಗುವುದಿಲ್ಲ. ಪೆನ್ನು ಹಿಡಿದು ನಿಂತೆ. ಆಗ ಮನಸ್ಸಿಗೆ ಬಂದದ್ದು ದೇವರಲ್ಲ. ಬೆಳಿಗ್ಗೆ ಬರುವ ಡ್ಯೂಟಿಯವಳು ಈ ಚಾರ್ಟ್ ನಂಬಿ ಮುಂದಿನ ಡೋಸ್ ಕೊಡುತ್ತಾಳೆ ಅನ್ನೋದು. ಡಾಕ್ಟರಿಗೆ ಫೋನ್ ಮಾಡಿದೆ, ಬೈಸಿಕೊಂಡೆ, ಅವರು ಹೇಳಿದ ಹಾಗೆ ಕೊಟ್ಟು ಸರಿಯಾದ ಸಮಯವನ್ನೇ ಬರೆದೆ. ಚಾರ್ಟನ್ನು ನಂಬುವವರು ಇದ್ದಾರೆ. ನನಗೆ ಅಷ್ಟು ಸಾಕಾಯಿತು.

ಆದರೆ ಎಲ್ಲಾ ಕಡೆ ಅಷ್ಟು ನೇರ ಇರುವುದಿಲ್ಲ. ನಾನು ನರ್ಸಿಂಗ್ ಪಾಸಾದರೆ ನಾಯಕನಹಟ್ಟಿ ಜಾತ್ರೆಯಲ್ಲಿ ಕೊಬ್ಬರಿ ಸುಡುತ್ತೇನೆ ಅಂತ ಅಮ್ಮ ಹರಕೆ ಹೊತ್ತಿದ್ದಳು. ನನಗೆ ನಂಬಿಕೆ ಇಲ್ಲ ಅಂತ ಅವಳಿಗೆ ಗೊತ್ತಿರಲಿಲ್ಲ. ಹೋಗಿ ಕೈ ಮುಗಿದು ನಿಂತರೆ ಸುಳ್ಳು. ಹೋಗದಿದ್ದರೆ ಮಂಡಿ ನೋವಿನ ಅಮ್ಮ ಒಬ್ಬಳೇ ಆ ಜನರಲ್ಲಿ. ಬಸ್ಸಿನಲ್ಲಿ ಹೇಳಿಬಿಟ್ಟೆ. "ನಿನ್ನ ಜೊತೆ ಬರುತ್ತೇನೆ, ಚೀಲ ಹೊರುತ್ತೇನೆ, ಕೈ ಮುಗಿಯಲು ಆಗುವುದಿಲ್ಲ ಅಮ್ಮಾ." ಅವಳು ಚಳ್ಳಕೆರೆವರೆಗೆ ಮಾತಾಡಲಿಲ್ಲ. ಇಳಿಯುವಾಗ "ಚೀಲ ಭಾರ ಐತಿ, ಎರಡೂ ಕೈಲಿ ಹಿಡ್ಕೋ" ಅಂದಳು. ತಿಪ್ಪೇರುದ್ರಸ್ವಾಮಿಯ "ಮಾಡಿದಷ್ಟು ನೀಡು ಭಿಕ್ಷೆ" ಅನ್ನುವ ಮಾತು ಅಲ್ಲಿ ಎಲ್ಲರ ಬಾಯಲ್ಲೂ ಇರುತ್ತದೆ. ಅವತ್ತು ಅದು ನನಗೂ ಹೇಳಿದ ಹಾಗೆ ಕೇಳಿಸಿತು. ಕೊಡುವವನು ಇಲ್ಲದಿದ್ದರೂ ಮಾಡಿದ್ದು ಮಾಡಿದಷ್ಟೇ ಅಲ್ವಾ.


ಹೊಸಬ, ವಿದ್ಯಾನಗರ

ಅಕ್ಕಾ, ನನ್ನ ಮಾತು ಅವಸರದ್ದಾಯಿತು. ಪುಸ್ತಕಕ್ಕೆ ಕಾಲು ತಾಗಿದ್ದು, ಅಣ್ಣನ ಐದು ಚೀಲ, ಎರಡನ್ನೂ ಒಂದೇ ಗಂಟು ಕಟ್ಟಿದ್ದೆ. ಒಂದರಲ್ಲಿ ಯಾರಿಗೂ ಏನೂ ಆಗಿಲ್ಲ. ಇನ್ನೊಂದರಲ್ಲಿ ಒಬ್ಬರಿಗೆ ಆಗಿದೆ. ನರಸಿಂಹಯ್ಯನವರ ಹೆಸರು ಹೇಳಿದೆ. ಅಷ್ಟು ದೊಡ್ಡ ಹುದ್ದೆ ನೋಡಿದವರು ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬದುಕಿದರು. ಅದನ್ನೂ ಜೊತೆಗೆ ನೆನೆಯಬೇಕಿತ್ತು.

ಅಣ್ಣಾ, ನೀವು ಹೋಗುವುದಾದರೆ ನನ್ನ ಬೈಕ್ ಇದೆ. ನಾನೇ ಕರೆದುಕೊಂಡು ಹೋಗುತ್ತೇನೆ.


ಚನ್ನಗಿರಿ ರೈತ

ಎಲ್ಲರೂ ದೊಡ್ಡ ದೊಡ್ಡ ಮಾತು ಆಡಿದಿರಿ, ಒಳ್ಳೆಯದು. ಎಷ್ಟು ಕೊಡಬೇಕು ಅಂತ ಯಾರೂ ಹೇಳಲಿಲ್ಲ. ನಾಲ್ಕು ಸಾವಿರದ ನೂರು ಕೊಟ್ಟು ಬಂದರೆ ಮತ್ತೊಂದು ಮೋಸ. ಅವರಿಂದ ಹೋದದ್ದು ದುಡ್ಡಲ್ಲ, ಮೆಕ್ಕೆಜೋಳ. ಅದೇ ಲೆಕ್ಕದಲ್ಲಿ ಕೊಡಿ. 2025-26ರ ಬೆಂಬಲ ಬೆಲೆ 2,400. ಮೂರು ಕ್ವಿಂಟಾಲ್ ಎರಡು ಕೆಜಿಗೆ 7,248 ಆಗುತ್ತದೆ.

ಫೋನ್‌ಪೇ ಮಾಡಬೇಡಿ. ದುಡ್ಡು ಬರುತ್ತದೆ, ಮನುಷ್ಯ ಬರುವುದಿಲ್ಲ. ಚೀಟಿಯನ್ನೂ ತೆಗೆದುಕೊಂಡು ಹೋಗಿ. ನಮಗೆ ಮಂಡಿಯವರು ಬಾಯಲ್ಲಿ ಹೇಳಿದ್ದಕ್ಕಿಂತ ಚೀಟಿ ಮೇಲೆ ನಂಬಿಕೆ ಜಾಸ್ತಿ.


ಮಂಡಿ ಗುಮಾಸ್ತ, ದಾವಣಗೆರೆ

ಹೋಗಿ ಬಂದೆ. ನಿನ್ನೆ, ಭಾನುವಾರ. ವಿದ್ಯಾನಗರದ ತಮ್ಮ ಬೈಕ್ ಓಡಿಸಿದ. ಊರಿನ ಹೆಸರು ಬರೆಯುವುದಿಲ್ಲ.

ಹಳೆಯ ಪಟ್ಟಿಯಲ್ಲಿ ಊರಿತ್ತು. ಟೀ ಅಂಗಡಿಯಲ್ಲಿ ಕೇಳಿದರೆ ಮನೆ ತೋರಿಸಿದರು. ಗಂಡ ಹೆಂಡತಿ ಇಬ್ಬರೂ ಇದ್ದರು. ವಯಸ್ಸಾಗಿದೆ. ನನ್ನ ಗುರುತು ಹತ್ತಲಿಲ್ಲ. ಅಂಗಡಿಯ ಹೆಸರು ಹೇಳಿದೆ. "ಬರ್ರಿ, ಕುಂದ್ರಿ" ಅಂದರು. ನೀರು ಕೊಟ್ಟರು. ನೀರು ಕುಡಿಯುವ ಮೊದಲೇ ಹೇಳಿಬಿಡಬೇಕು ಅಂತ ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಚೀಟಿ ಬಿಚ್ಚಿ ನೆಲದ ಮೇಲೆ ಇಟ್ಟೆ. ಮಡಿಕೆಯ ಸಾಲು ತೋರಿಸಿದೆ. ಆ ವರ್ಷ ಐದು ಚೀಲ ನಾನು ಬಿಟ್ಟು ಬರೆದೆ, ಆಮೇಲೆ ಗೊತ್ತಾದರೂ ಬಂದು ಹೇಳಲಿಲ್ಲ, ತಪ್ಪಾಯಿತು ಅಂದೆ.

ಅಮ್ಮನವರು ಚೀಟಿ ಎತ್ತಿಕೊಂಡರು. ಬೆರಳು ಇಟ್ಟು ಒಂದೊಂದೇ ಸಾಲು ಎಣಿಸಿದರು. ಎರಡು ಸಲ. ಆಮೇಲೆ ಗಂಡನ ಕಡೆ ನೋಡಿದರು.

ನಡೆದದ್ದು ಇದು. ಆ 46 ಚೀಲಕ್ಕೆ ಬಾಯಿ ಹೊಲಿದವರು ಅಮ್ಮನವರೇ. ಲೆಕ್ಕ ಅವರಿಗೆ ಗೊತ್ತಿತ್ತು. ಪಟ್ಟಿಯಲ್ಲಿ 41 ಬಂದಾಗ ಉಳಿದ ಐದನ್ನು ಗಂಡ ದಾರಿಯಲ್ಲಿ ಮಾರಿ ಕುಡಿದಿದ್ದಾರೆ ಅಂದುಕೊಂಡರು. ಆಗ ಗಂಡ ಕುಡಿಯುತ್ತಿದ್ದದ್ದೂ ನಿಜ. ಇಲ್ಲ ಅಂತ ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಅಮ್ಮನವರ ತಮ್ಮಂದಿರು ಬಂದು ಹತ್ತು ಜನರ ಮುಂದೆ ಬೈದು ಹೋದರು. ಮುಂದಿನ ವರ್ಷದಿಂದ ಮಾಲಿನ ಜೊತೆ ಮಗ ಮಂಡಿಗೆ ಬರತೊಡಗಿದ. ಇವರು ಮತ್ತೆ ಬರಲೇ ಇಲ್ಲ. ಕೇಳಿಕೊಂಡು ಯಾರೂ ಬರಲಿಲ್ಲ ಅಂತ ಮೇಲೆ ಬರೆದಿದ್ದೆನಲ್ಲ, ಅದಕ್ಕೆ ಇದು ಕಾರಣ.

ನಾನು ನಾಲ್ಕು ಸಾವಿರದ ಲೆಕ್ಕ ಇಟ್ಟುಕೊಂಡು ಕೂತಿದ್ದೆ.

ಅಜ್ಜ ಏನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಈ ಚೀಟಿ ನನಗ ಕೊಡ್ರಿ" ಅಂದರು. ಕೊಟ್ಟೆ. ಎದ್ದು ಅಂಗಿ ಹಾಕಿಕೊಂಡರು. ಭಾವಮೈದುನನ ಮನೆ ಅದೇ ಓಣಿಯಲ್ಲಿದೆಯಂತೆ. ಚಪ್ಪಲಿ ಮೆಟ್ಟುವುದನ್ನೂ ಮರೆತು ಚೀಟಿ ಹಿಡಿದುಕೊಂಡು ಹೊರಟರು. ಅಮ್ಮನವರು ತಡೆಯಲಿಲ್ಲ. ಅವರು ತಿರುಗಿ ಬರುವವರೆಗೆ ನಾವು ಮೂವರೂ ಮಾತಿಲ್ಲದೆ ಕೂತಿದ್ದೆವು.


ಹರಿಹರದ ಅಕ್ಕ

ಓದಿ ಕಣ್ಣಲ್ಲಿ ನೀರು ಬಂತು. ಅಮ್ಮನವರು ದುಡ್ಡು ತೆಗೆದುಕೊಂಡರಾ?


ಮಂಡಿ ಗುಮಾಸ್ತ, ದಾವಣಗೆರೆ

ತೆಗೆದುಕೊಂಡರು ಅಕ್ಕಾ. ಎಣಿಸಿಯೇ ತೆಗೆದುಕೊಂಡರು. 7,250 ಇಟ್ಟಿದ್ದೆ. ಎರಡು ರೂಪಾಯಿ ವಾಪಸ್ ಕೊಟ್ಟರು.


ಮಂಡಕ್ಕಿ ಭಟ್ಟಿಯಿಂದ

ಮಾಫ್ ಮಾಡಿದೆ ಅಂತ ಅಂದರಾ?


ಮಂಡಿ ಗುಮಾಸ್ತ, ದಾವಣಗೆರೆ

ಇಲ್ಲ ಭಾಯ್. ನಾನೂ ಕೇಳಲಿಲ್ಲ. ಹೊರಡುವಾಗ ಅಜ್ಜ ಬೈಕಿನವರೆಗೆ ಬಂದರು. "ಮುಂದಿನ ಸುಗ್ಗಿಗೆ ಮಾಲಿನ ಜೊತೆ ನಾನೇ ಬರ್ತೀನಿ" ಅಂದರು.

ಇವತ್ತು ಬೆಳಿಗ್ಗೆ ಮಾಲೀಕರಿಗೆ ಎಲ್ಲಾ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಆ ವಾರದ ಚೀಟಿ ಇನ್ನೆಷ್ಟು ಇವೆ?" ಅಂತ ಕೇಳಿದರು. ಅರವತ್ತಕ್ಕೂ ಜಾಸ್ತಿ ಇವೆ. ಎಲ್ಲವೂ ನಾನೇ, ಅದೇ ನಿದ್ದೆಗೆಟ್ಟ ಕಣ್ಣಲ್ಲಿ ಬರೆದವು. ಗಂಟು ಮನೆಗೆ ತಂದಿದ್ದೇನೆ. ಊಟ ಆದ ಮೇಲೆ ಒಂದೊಂದೇ ಬಿಚ್ಚಿ ನೋಡುತ್ತೇನೆ.